ಒಂಬತ್ತು ಬೆಂಕಿಪೆಟ್ಟಿಗೆ

ಬಸ್ಸಿನ ಕಂಡಕ್ಟರ್ ನನ್ನ ತೊಡೆಯ ಮೇಲಿದ್ದ ತಗಡಿನ ಡಬ್ಬಿಯೊಳಗೆ ಕೈ ಹಾಕಿ ಒಂದು ಬೆಂಕಿಪೆಟ್ಟಿಗೆ ಎತ್ತಿಕೊಂಡ.

"ಏನಕ್ಕಾ, ಬೆಂಕಿಪಟ್ಣದ ವ್ಯಾಪಾರನಾ? ಒಂದ್ ಕಡ್ಡಿ ಕೊಡಿ, ಬೀಡಿ ಹಚ್ಕೋತೀನಿ."

"ಇಡಪ್ಪಾ ಅದನ್ನ. ಒಳಗಡೆ ಮಕ್ಕಳ ಕಕ್ಕ ಐತೆ" ಅಂದೆ.

ಅವನು ಪೆಟ್ಟಿಗೆಯನ್ನು ಡಬ್ಬಿಗೆ ಎಸೆದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಆ ತಿಂಗಳು ಪೂರ್ತಿ ನನ್ನ ಹತ್ತಿರ ಬರಲೇ ಇಲ್ಲ. ಟಿಕೆಟ್ಟನ್ನು ಮುಂದಿನ ಸೀಟಿನವರ ಕೈಯಲ್ಲಿ ದಾಟಿಸುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಅತ್ತಿಬೆಲೆ ಕಡೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನೀಶಿಯನ್. ಲ್ಯಾಬ್ ಎಂದರೆ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಪೂರ್ವಕ್ಕೆ ಒಂದು ಕಿಟಕಿ. ಕರೆಂಟನ್ನು ನಂಬುವಂತಿರಲಿಲ್ಲ, ಕನ್ನಡಿಗೆ ಬಿಸಿಲು ಬಿದ್ದಾಗಲೇ ಕೆಲಸ. ಹೂಡಿಯ ನಮ್ಮ ಮನೆಗೆ ವಾರಕ್ಕೊಮ್ಮೆ ಹೋದರೆ ಅಜ್ಜಿ ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಹಾಕಿಸುತ್ತಿದ್ದಳು. "ನಿಮ್ಮಪ್ಪ ಅಷ್ಟೊಂದು ಓದ್ಸಿದ್ದು ಇಂಗೆ ಕಂಡೋರ್ ಮಕ್ಳು ಹೇಲು ನೋಡಕ್ಕಾ?" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಇಡೀ ತಾಲೂಕಿನಲ್ಲಿ ನನ್ನಷ್ಟು ಬೇಗ ಸ್ಲೈಡ್ ನೋಡುವವರು ಇಲ್ಲ ಎಂದು ಡಾಕ್ಟರೇ ಒಮ್ಮೆ ಹೇಳಿದ್ದರು. ಅದನ್ನು ನಾನು ಮರೆಯದೆ ಇಟ್ಟುಕೊಂಡಿದ್ದೆ.

ಆ ಬೆಂಕಿಪೆಟ್ಟಿಗೆಗಳು ನಿರಾಶ್ರಿತರ ಕ್ಯಾಂಪಿನವು. ಲಂಕೆಯ ಟೀ ತೋಟಗಳಲ್ಲಿ ಮೂರು ತಲೆಮಾರು ಕೂಲಿ ಮಾಡಿ, ಅಲ್ಲಿ ಇರಲಾರದೆ ಹಡಗು ಹತ್ತಿ ಬಂದ ತಮಿಳರು. ಅತ್ತಿಬೆಲೆಯಾಚೆ, ಗಡಿಗೆ ಹತ್ತಿರದಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಯ ಎರಡು ಗೋದಾಮುಗಳಲ್ಲಿ ಅವರನ್ನು ತಾತ್ಕಾಲಿಕವಾಗಿ ಇರಿಸಿದ್ದರು. ಗೋಣಿಚೀಲದ ಪರದೆ ಕಟ್ಟಿ ಒಂದೊಂದು ಕುಟುಂಬಕ್ಕೆ ಒಂದೊಂದು ಚೌಕ. ಒಂದು ಕೈಪಂಪು. ತೋಡಿದ್ದ ಕಕ್ಕಸು ಗುಂಡಿಗಳು ಮೊದಲನೆಯ ಮಳೆಗೇ ತುಂಬಿ ಹರಿದಿದ್ದವು. ಅಲ್ಲಿಂದೀಚೆಗೆ ದೊಡ್ಡವರು ಚಿಕ್ಕವರು ಎಲ್ಲರೂ ಹಿಂದಿನ ನೀಲಗಿರಿ ತೋಪಿಗೇ ಹೋಗಬೇಕು. ಮಕ್ಕಳ ಕಾಲಿಗೆ ಚಪ್ಪಲಿ ಇರಲಿಲ್ಲ, ಆಡುವುದೂ ಅದೇ ತೋಪಿನಲ್ಲಿ.

ಒಂದು ದಿನ ನಮ್ಮ ಡಾಕ್ಟರು ಕ್ಯಾಂಪಿಗೆ ಹೋಗಿ ಬಂದವರು ಟೋಪಿ ತೆಗೆದಿಟ್ಟು ನನ್ನ ಮೇಜಿನ ಹತ್ತಿರ ಬಂದರು. ರಿಟೈರಾಗಲು ಎರಡು ವರ್ಷ ಉಳಿದಿದ್ದ ಮನುಷ್ಯ. ಜೋರಾಗಿ ಮಾತಾಡಿದವರಲ್ಲ.

"ಅಲ್ಲಿ ಮಕ್ಕಳು ಗೋಡೆ ಮಣ್ಣು ಕೆರಕೊಂಡು ತಿಂತಾ ಇದಾವಮ್ಮ. ಕಣ್ಣು ಬಿಡಿಸಿ ನೋಡಿದ್ರೆ ಸುಣ್ಣ ಬಳಿದಂಗಿದೆ, ರಕ್ತಾನೇ ಇಲ್ಲ. ಹೊಟ್ಟೆ ಹುಳದ್ದೇ ಕೆಲಸ. ಹನ್ನೆರಡು ವರ್ಷದೊಳಗಿನ ಅಷ್ಟೂ ಮಕ್ಕಳದ್ದೂ ನೋಡ್ಬೇಕು. ಎಷ್ಟು ದಿನ ಬೇಕು?"

"ಹತ್ತು ದಿನ ಸಾರ್" ಅಂದೆ. ಹದಿನೈದು ಎಂದಿದ್ದರೂ ಆಗುತ್ತಿತ್ತು. ಬಾಯಿಗೆ ಹತ್ತೇ ಬಂತು.

ಔಷಧಿ ಬರುತ್ತಿದ್ದುದು ಸ್ಲೈಡಿನ ಲೆಕ್ಕದ ಮೇಲೆ. ಯಾವ ಮಗುವಿನಲ್ಲಿ ಯಾವ ಹುಳು ಎಂದು ಬರೆದು ಕಳಿಸಿದರೆ ಅಷ್ಟಕ್ಕೆ ಮಾತ್ರ ಮಂಜೂರು. ದುಂಡುಹುಳುವಿಗೆ ಸಿಹಿ ಸಿರಪ್, ಕೊಕ್ಕೆಹುಳುವಿಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಘಾಟು ವಾಸನೆಯ ಕ್ಯಾಪ್ಸೂಲು. ಎರಡೂ ಇದ್ದ ಮಗುವಿಗೆ ಮೊದಲು ಸಿರಪ್ ಕೊಟ್ಟು ದುಂಡುಹುಳು ಹೊರಹೋಗುವಂತೆ ಮಾಡಿ, ವಾರ ಬಿಟ್ಟು ಕ್ಯಾಪ್ಸೂಲು ಕೊಡಬೇಕು. ಈ ಕ್ರಮ ತಪ್ಪುವಂತಿಲ್ಲ. ಕ್ಯಾಪ್ಸೂಲಿನ ಔಷಧಿ ದುಂಡುಹುಳುವನ್ನು ಕೊಲ್ಲುವುದಿಲ್ಲ, ಕೆಣಕುತ್ತದೆ. ಕೆಣಕಿದರೆ ಅವು ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿ ಕರುಳನ್ನೇ ಮುಚ್ಚಿಬಿಡಬಹುದು. ಟ್ರೈನಿಂಗಿನಲ್ಲಿ ಇದನ್ನು ನಮ್ಮಿಂದ ಮೂರು ಸಲ ಬರೆಸಿದ್ದರು.

ಕ್ಯಾಂಪಿನವರ ಮಾತು ತಮಿಳು. ಹೂಡಿಯಲ್ಲಿ ಬೆಳೆದ ನನಗೆ ತಮಿಳು, ತೆಲುಗು ಎರಡೂ ಬರುತ್ತಿದ್ದವು. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮೊದಲ ಸಂಜೆ ಹೆಂಗಸರನ್ನೆಲ್ಲ ಪಂಪಿನ ಹತ್ತಿರ ಸೇರಿಸಿದವನು ಅವರ ಹಳೆಯ ಕಂಗಾಣಿ, ಅಂದರೆ ಟೀ ತೋಟದಲ್ಲಿ ಕೂಲಿಗಳ ಮೇಸ್ತ್ರಿಯಾಗಿದ್ದ ಮುದುಕ. ನಾನು ಖಾಲಿ ಬೆಂಕಿಪೆಟ್ಟಿಗೆ ಹಂಚಿದೆ. ಒಂದು ಮಗುವಿಗೆ ಒಂದು, ಮೇಲೆ ಹೆಸರಿನ ಚೀಟಿ. ಹೆಂಗಸರು ಮುಖ ಮುಖ ನೋಡಿಕೊಂಡರು, ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದಿನವೆಲ್ಲ ಬಿಸಿಲಲ್ಲಿ ತಿರುಗಿದ್ದ ನನಗೆ ಸಿಟ್ಟು ಬಂತು.

"ನಗಬೇಡಿ. ಎಲ್ಲಾರ ರಿಪೋರ್ಟೂ ಮೇಲಿನ ಆಫೀಸಿಗೆ ಹೋಗುತ್ತೆ. ಯಾರ ಮಗು ಹೆಂಗಿದೆ ಅಂತ ಅವ್ರು ನೋಡ್ತಾರೆ" ಅಂದೆ.

ನಗು ನಿಂತಿತು. ಮಾರನೆಯ ಬೆಳಿಗ್ಗೆಯಿಂದ ದಿನಕ್ಕೆ ಒಂದೆರಡು ಸಾಲಿನಂತೆ ಪೆಟ್ಟಿಗೆಗಳು ಒಂದೂ ಕಡಿಮೆಯಿಲ್ಲದೆ ಬಂದವು. ಗದರಿದ್ದಕ್ಕೆ ಕೆಲಸವಾಯಿತು ಎಂದು ನಾನು ಬೀಗಿದೆ.

ಸ್ಲೈಡಿನ ಒಂದು ತುದಿಗೆ ಉಪ್ಪುನೀರಿನ ಹನಿ, ಇನ್ನೊಂದು ತುದಿಗೆ ಅಯೋಡಿನ್ ಹನಿ. ಪೊರಕೆಕಡ್ಡಿಯ ತುದಿಯಲ್ಲಿ ಕಾಳಿನಷ್ಟು ಮಲ ತೆಗೆದು ಎರಡರಲ್ಲೂ ಕದಡಿ, ಮೇಲೆ ತೆಳು ಗಾಜು ಮುಚ್ಚಬೇಕು. ಕೆಳಗಿಟ್ಟ ಪುಸ್ತಕದ ಅಕ್ಷರ ಅದರ ಮೂಲಕ ಓದುವಷ್ಟು ತೆಳುವಾಗಿರಬೇಕು. ಆಮೇಲೆ ಒಂದು ಮೂಲೆಯಿಂದ ಹಿಡಿದು ಸಾಲು ಸಾಲಾಗಿ ನೋಡುತ್ತಾ ಹೋಗುವುದು. ದುಂಡುಹುಳುವಿನ ಮೊಟ್ಟೆ ಕಂದು ಬಣ್ಣದ್ದು, ಹಲಸಿನ ಕಾಯಿಯ ಹಾಗೆ ಒರಟು ಮೈ. ಕೊಕ್ಕೆಹುಳುವಿನದು ತೆಳ್ಳನೆಯ ಪಾರದರ್ಶಕ ಸಿಪ್ಪೆ, ಒಳಗೆ ನಾಲ್ಕು ಉಂಡೆ. ಮಧ್ಯಾಹ್ನದೊಳಗೆ ಮುಗಿಸಬೇಕು, ಮಾರನೆಯ ದಿನಕ್ಕೆ ಉಳಿದರೆ ಸೆಖೆಗೆ ಕೊಕ್ಕೆಹುಳುವಿನ ಮೊಟ್ಟೆ ಒಡೆದು ಮರಿ ಓಡಾಡತೊಡಗುತ್ತದೆ.

ಮೊದಲನೆಯ ಗೋದಾಮಿನ ಸ್ಲೈಡುಗಳಲ್ಲಿ ಎರಡೂ ಬಗೆಯ ಮೊಟ್ಟೆ ತುಂಬಿದ್ದವು. ಎಣಿಸುವುದನ್ನೇ ಬಿಟ್ಟು 'ವಿಪರೀತ' ಎಂದು ಬರೆಯುತ್ತಾ ಹೋದೆ. ಕೆಲಸ ನಿಧಾನವಾಯಿತು. ನಡುವೆ ಎರಡು ದಿನ ಮೋಡ ಮುಚ್ಚಿ ಕನ್ನಡಿಗೆ ಬೆಳಕೇ ಇಲ್ಲ. ಒಂಬತ್ತನೆಯ ದಿನ ಎರಡನೆಯ ಗೋದಾಮಿನ ಕೊನೆಯ ಸಾಲಿಗೆ ಬಂದೆ. ಒಂಬತ್ತು ಮಕ್ಕಳು, ಒಂಬತ್ತು ಪೆಟ್ಟಿಗೆ. ಮೊದಲನೆಯದರಲ್ಲಿ ಅಲ್ಲೊಂದು ಇಲ್ಲೊಂದು ಕೊಕ್ಕೆಹುಳುವಿನ ಮೊಟ್ಟೆ, ದುಂಡುಹುಳುವಿನದು ಒಂದೂ ಇಲ್ಲ. ಪೆಟ್ಟಿಗೆಯಲ್ಲಿ ಸೀಬೆ ಬೀಜ ಕಂಡಿತು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅಷ್ಟೇ. ಒಂಬತ್ತನೆಯದರವರೆಗೂ ಅದೇ ಕೊಕ್ಕೆಹುಳು, ಅದೇ ಸೀಬೆ ಬೀಜ.

ನಾನು ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೋಡಿದೆ. ನೋಟುಬುಕ್ಕಿನ ಅಂಚಿನಲ್ಲಿ 'ಎಲ್ಲದರಲ್ಲೂ ಸೀಬೆ' ಎಂದು ಬರೆದೂ ಇದ್ದೆ. ಕ್ಯಾಂಪಿನಲ್ಲಿ ಹಣ್ಣು ಕೊಂಡು ತಿನ್ನುವವರು ಯಾರು ಎಂಬ ಯೋಚನೆ ಒಂದು ಕ್ಷಣ ಸುಳಿದು ಹೋಯಿತು. ಆದರೆ ಹತ್ತು ದಿನ ಎಂದು ಹೇಳಿದ್ದೆ, ಒಂಬತ್ತು ಮುಗಿದಿತ್ತು. ಕಣ್ಣು ಉರಿಯುತ್ತಿತ್ತು. ಸುಲಭದ ಸ್ಲೈಡುಗಳು ಸಿಕ್ಕಿದ್ದು ಆ ಹೊತ್ತಿಗೆ ಪುಣ್ಯ ಎನಿಸಿತು. ಒಂಬತ್ತು ಹೆಸರುಗಳ ಮುಂದೆ 'ಕೊಕ್ಕೆಹುಳು ಇದೆ, ದುಂಡುಹುಳು ಇಲ್ಲ' ಎಂದು ಬರೆದು ರಿಪೋರ್ಟು ಕಳಿಸಿಬಿಟ್ಟೆ.

ಸಿರಪ್ಪು ಬಂತು. ಕೊಡುವ ದಿನ ಕ್ಯಾಂಪಿನ ಬಾಗಿಲಲ್ಲಿ ಮೇಜು ಹಾಕಿ ನಾನೇ ಹೆಸರು ಕೂಗುತ್ತಿದ್ದೆ. ಸಾಲಿನ ಹೊರಗೆ ಒಬ್ಬಳು ತಾಯಿ ಆರು ವರ್ಷದ ಮಗಳ ಕೈ ಹಿಡಿದು ನಿಂತಿದ್ದಳು, ಸೊಂಟದ ಮೇಲೆ ಚಿಕ್ಕ ಗಂಡುಮಗು. ಕೊನೆಯ ಸಾಲಿನವಳು. ಹುಡುಗಿಯ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿತ್ತು. ಆದರೆ ಅಲ್ಲಿ ಎಲ್ಲ ಮಕ್ಕಳ ಹೊಟ್ಟೆಯೂ ಹಾಗೇ ಇತ್ತು.

"ಅಕ್ಕಾ, ಇವಳಿಗೂ ಒಂದಿಷ್ಟು ಸಿರಪ್ ಹಾಕಿ. ಹೊಟ್ಟೆಯೊಳಗೆ ಏನೋ ಓಡಾಡುತ್ತೆ ಅಂತಾಳೆ."

ನಾನು ಪಟ್ಟಿ ನೋಡಿದೆ. "ನಿನ್ನ ಮಗಳಿಗೆ ದುಂಡುಹುಳು ಇಲ್ಲಮ್ಮ. ಇಲ್ಲ ಅಂದ್ರೆ ಸಂತೋಷ ಪಡು. ಅವಳಿಗೆ ಬೇರೆ ಔಷಧಿ, ಮುಂದಿನ ವಾರ."

"ಸ್ವಲ್ಪವೇ ಸ್ವಲ್ಪ, ಅಕ್ಕಾ."

"ಇದೇನು ಪ್ರಸಾದವಾ, ಎಲ್ಲಾರಿಗೂ ಹಂಚಕ್ಕೆ? ಹೆಸರಿರೋರಿಗೆ ಮಾತ್ರ."

ಅವಳು ಬಾಯಿ ತೆರೆದಳು. ಏನೋ ಹೇಳಬೇಕೆಂದಿದ್ದಳು ಎಂದು ಆಗಲೇ ನನಗೆ ಅನಿಸಿತ್ತು. ಹಿಂದಿನಿಂದ ಸಾಲು ತಳ್ಳುತ್ತಿತ್ತು. ಅವಳು ಕಂಗಾಣಿಯ ಕಡೆ ಒಮ್ಮೆ ನೋಡಿ, ಮಗಳನ್ನು ಕರೆದುಕೊಂಡು ಒಳಗೆ ಹೋದಳು.

ಒಂದು ವಾರದ ಮೇಲೆ ಕ್ಯಾಪ್ಸೂಲಿನ ದಿನ. ಹಿಂದಿನ ದಿನ ಎಣ್ಣೆ ಮುಟ್ಟಬಾರದೆಂದು ಹೇಳಿ ಬಂದಿದ್ದೆವು. ಬೆಳಿಗ್ಗೆ ಏಳಕ್ಕೆ ಡಾಕ್ಟರು ಒಬ್ಬೊಬ್ಬರ ಕಣ್ಣು ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ನನ್ನ ಪಟ್ಟಿ ನೋಡಿ ಕೊಡುತ್ತಾ ಹೋದರು. ಆ ಹುಡುಗಿ ಕ್ಯಾಪ್ಸೂಲನ್ನು ಅಳದೆ ನುಂಗಿ, ಮೂಗು ಮುಚ್ಚಿಕೊಂಡು ತಮ್ಮನ ಕಡೆ ನೋಡಿ ನಕ್ಕಳು. ಶೂರಳಾಗಿ ತೋರಿಸಿಕೊಳ್ಳಬೇಕಿತ್ತು ಅವಳಿಗೆ. ಕ್ಯಾಪ್ಸೂಲು ನುಂಗಲಾರದಷ್ಟು ಚಿಕ್ಕವನೆಂದು ಬಿಟ್ಟಿದ್ದ ತಮ್ಮ ಅವಳ ಲಂಗ ಹಿಡಿದು ನಿಂತಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಕಂಗಾಣಿ ಸೈಕಲ್ ತುಳಿದುಕೊಂಡು ಆರೋಗ್ಯ ಕೇಂದ್ರಕ್ಕೆ ಬಂದ. ಕೊನೆಯ ಸಾಲಿನ ಮೂರು ಮಕ್ಕಳು ವಾಂತಿ ಮಾಡುತ್ತಿದ್ದಾರೆ, ಒಬ್ಬಳ ಹೊಟ್ಟೆ ಕಲ್ಲಾಗಿದೆ ಎಂದ. ಡಾಕ್ಟರು ಹೋಗಿ ಹೊಟ್ಟೆ ಮುಟ್ಟಿದವರೇ ಜೀಪು ತರಿಸಿ ಎಂದರು. ಉಳಿದ ಇಬ್ಬರನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, ಹುಡುಗಿಯನ್ನು ಸಿಟಿ ಆಸ್ಪತ್ರೆಗೆ ಕರೆದೊಯ್ಯಲು ನನ್ನನ್ನು ತಾಯಿಯ ಜೊತೆ ಕೂರಿಸಿದರು. ಹೊಸೂರು ರಸ್ತೆಯಲ್ಲಿ ಬೊಮ್ಮಸಂದ್ರ ದಾಟುವಾಗ ಹುಡುಗಿ ನನ್ನ ಮಡಿಲಿನ ಟವೆಲ್ಲಿಗೆ ವಾಂತಿ ಮಾಡಿದಳು. ಹಸಿರು ನೀರು, ಅದರಲ್ಲಿ ಒಂದು ಹುಳು. ಗೇಣುದ್ದ, ಇನ್ನೂ ಜೀವಂತ.

ದುಂಡುಹುಳು. ಹೆಣ್ಣು. ಗಂಡಿನ ಬಾಲ ಸುರುಳಿಯಾಗಿರುತ್ತದೆ, ಇದರದು ನೇರವಾಗಿತ್ತು. ಇಂಥ ಒಂದು ಹುಳು ದಿನಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಒಂದೇ ಒಂದು ಇದ್ದರೂ ಸ್ಲೈಡಿನಲ್ಲಿ ಕಾಣದೆ ಇರಲು ಸಾಧ್ಯವಿಲ್ಲ. ನಾನು ನೋಡಿದ ಸ್ಲೈಡು ಈ ಮಗುವಿನದಲ್ಲ ಎಂದು ಆಗ, ಆ ಜೀಪಿನಲ್ಲಿ ಗೊತ್ತಾಯಿತು. ತಾಯಿಯ ಮುಖ ನೋಡಿದೆ. ಅವಳು ಟವೆಲ್ಲನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು.

ಆಪರೇಷನ್ ಮಾಡಿದರು. ಹುಡುಗಿ ಎರಡು ದಿನ ಇದ್ದಳು, ಮೂರನೆಯ ದಿನ ಹೋಗಿಬಿಟ್ಟಳು.

ಅವಳನ್ನು ಮಣ್ಣು ಮಾಡಿದ ಮೇಲೆ ಕಂಗಾಣಿಯನ್ನು ಪಂಪಿನ ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಅವನು ಸುತ್ತಿ ಬಳಸಿ ಮಾತಾಡಲಿಲ್ಲ. ಲಂಕೆಯಲ್ಲಿ ಹಡಗು ಹತ್ತುವ ಮೊದಲು ಡಾಕ್ಟರ ಪರೀಕ್ಷೆ ಇತ್ತು. ಕಾಯಿಲೆ ಕಂಡವರನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಹಾಗೆ ಅವನ ತಂಗಿ ಅಲ್ಲೇ ಉಳಿದಿದ್ದಳು, ಅವಳ ಮಕ್ಕಳು ಇವನ ಜೊತೆ ಬಂದಿದ್ದರು. ಇಲ್ಲಿ ನೂಲಿನ ಗಿರಣಿಯಲ್ಲಿ ಕೆಲಸ, ಮನೆ ಕೊಡುತ್ತಾರೆ, ಕುಟುಂಬಗಳ ಪಟ್ಟಿ ಆಗುತ್ತಿದೆ ಎಂಬ ಸುದ್ದಿ ಇತ್ತು. ಪರೀಕ್ಷೆ ಎಂದರೆ ಪಾಸಾಗಲೇಬೇಕು. ಕೊನೆಯ ಸಾಲಿನಲ್ಲಿ ಒಬ್ಬ ಸೀಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದ. ಅವನ ಮಗ ಗುಂಡುಗುಂಡಾಗಿದ್ದ, ನೋಡಿದರೆ ಯಾವ ಕಾಯಿಲೆಯೂ ಇಲ್ಲ. ಅವನೊಬ್ಬನದನ್ನೇ ಒಂಬತ್ತು ಪೆಟ್ಟಿಗೆಗೂ ಹಂಚಿದ್ದರು.

"ನಾನೇ ಹೇಳಿದ್ದಮ್ಮಾ ಅಂಗ್ ಮಾಡಿ ಅಂತ. ನೀವೇ ಅಲ್ವಾ ಹೇಳಿದ್ದು, ಮೇಲಿನ ಆಫೀಸ್ನೋರು ನೋಡ್ತಾರೆ ಅಂತ?" ಅಂದ. ಇಲ್ಲಿಗೆ ಬಂದ ಒಂದು ವರ್ಷದಲ್ಲಿ ಕಲಿತ ಸಂತೆಯ ಕನ್ನಡ. ಅವನು ನನ್ನನ್ನು ದೂರಲಿಲ್ಲ, ವಿಷಯ ತಿಳಿಸಿದ ಅಷ್ಟೇ. ನನಗೆ ಅಲ್ಲೇ ಪಂಪಿಗೆ ತಲೆ ಚಚ್ಚಿಕೊಳ್ಳಬೇಕು ಎನಿಸಿತು.

ಇಲ್ಲಿಗೆ ಎಲ್ಲವನ್ನೂ ಮುಚ್ಚಿಬಿಡಬಹುದಿತ್ತು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ತಾಯಂದಿರು ಪೆಟ್ಟಿಗೆ ಬದಲಾಯಿಸಿದರು, ಲ್ಯಾಬಿನವಳು ಬಂದದ್ದನ್ನು ನೋಡಿದಳು, ಅವಳದೇನು ತಪ್ಪು? ನೋಟುಬುಕ್ಕಿನ ಆ ಹಾಳೆ ಹರಿದರೆ ಮುಗಿಯಿತು. ನಿಜ ಹೇಳುತ್ತೇನೆ, ಒಂದು ಸಂಜೆ ಹರಿಯಲೆಂದೇ ಬುಕ್ಕು ತೆರೆದಿದ್ದೆ. ಆದರೆ ಕ್ಯಾಂಪಿನಲ್ಲಿ ಇನ್ನೂ ಎಷ್ಟು ಪೆಟ್ಟಿಗೆ ಯಾರಯಾರದೋ ನನಗೆ ಗೊತ್ತಿರಲಿಲ್ಲ. ವಾಂತಿ ನಿಂತು ಚೇತರಿಸಿಕೊಂಡಿದ್ದ ಆ ಇಬ್ಬರೂ ಸೇರಿ, ಆ ಸಾಲಿನ ಉಳಿದ ಎಂಟು ಮಕ್ಕಳ ಹೊಟ್ಟೆಯಲ್ಲಿ ಏನಿದೆಯೋ ಅದೂ ಗೊತ್ತಿರಲಿಲ್ಲ. ಹೊಸದಾಗಿ ಪರೀಕ್ಷೆ ಮಾಡಿ, ಬರೆದು, ಮಂಜೂರು ಮಾಡಿಸಿ ಸಿರಪ್ ಬರಲು ತಿಂಗಳು ಬೇಕು. ಮಾರನೆಯ ಬೆಳಿಗ್ಗೆ ಆ ಹಾಳೆಯನ್ನೇ ತೆರೆದು ಡಾಕ್ಟರ ಮುಂದೆ ಇಟ್ಟೆ.

"ಇದು ನಾನು ಅವತ್ತೇ ನೋಡಿದ್ದೆ ಸಾರ್. ನೋಡಿಯೂ ಸುಮ್ನಾದೆ."

ಅವರು ಕನ್ನಡಕ ಹಾಕಿಕೊಂಡು ಓದಿದರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅವತ್ತು ಬೆಳಿಗ್ಗೆ ನಾನು ಆ ಮಗು ಎದೆ ನೋಡಿದೆ, ಕಣ್ಣು ನೋಡಿದೆ. ಹೊಟ್ಟೆ ಮುಟ್ಲಿಲ್ಲ. ಯಾಕಂದ್ರೆ ನಿನ್ನ ಪಟ್ಟಿಲಿ ಇಲ್ಲ ಅಂತಿತ್ತು. ಮುಟ್ಟಿದ್ರೆ ಕೈಗೆ ಗಂಟು ಸಿಗ್ತಿತ್ತಮ್ಮ." ಬುಕ್ಕನ್ನು ನನ್ನ ಕಡೆ ಸರಿಸಿ, "ಈಗೇನ್ ಮಾಡೋಣ, ಹೇಳು" ಎಂದರು.

"ಸ್ಲೈಡು ಬೇಡ ಸಾರ್. ಎಲ್ಲಾ ಮಕ್ಕಳಿಗೂ ಮೊದಲು ಸಿರಪ್ ಕೊಟ್ಬಿಡೋಣ. ಕ್ಯಾಪ್ಸೂಲು ಆಮೇಲೆ ನೋಡಿದ್ರಾಯ್ತು."

ಸ್ಲೈಡಿನ ಮೇಲೆ ಜೀವ ಇಟ್ಟುಕೊಂಡಿದ್ದ ನನ್ನ ಬಾಯಲ್ಲಿ ಆ ಮಾತು ಬಂದದ್ದು ನನಗೇ ವಿಚಿತ್ರವಾಗಿ ಕೇಳಿಸಿತು. ನಿಯಮದ ಪ್ರಕಾರ ಹಾಗೆ ಕೊಡುವಂತಿರಲಿಲ್ಲ. ಡಾಕ್ಟರು ತಾವೇ ಜಿಲ್ಲಾ ಆಫೀಸಿಗೆ ಹೋಗಿ ಕೂತರು, ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟರು. ನನ್ನ ಹೆಸರನ್ನೂ ಬಿಡಲಿಲ್ಲ, ತಮ್ಮ ಹೆಸರನ್ನೂ ಬಿಡಲಿಲ್ಲ. ಆಮೇಲೆ ನಮ್ಮಿಬ್ಬರಿಗೂ ಮೆಮೋ ಬಂತು. ಆದರೆ ಅದಕ್ಕೆ ಮೊದಲು, ನಾಲ್ಕನೆಯ ದಿನಕ್ಕೇ ಸಿರಪ್ಪಿನ ಬಾಟಲಿಗಳು ಬಂದವು.

ಈ ಸಲ ಮೇಜು ಹಾಕಲಿಲ್ಲ, ಹೆಸರು ಕೂಗಲಿಲ್ಲ. ಯಾವ ರಿಪೋರ್ಟೂ ಎಲ್ಲಿಗೂ ಹೋಗುವುದಿಲ್ಲ, ಯಾರ ಮನೆಯೂ ಇದರಿಂದ ತಪ್ಪುವುದಿಲ್ಲ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿದೆ. ಪರದೆಯಿಂದ ಪರದೆಗೆ ನಾವೇ ಹೋದೆವು. ಡಾಕ್ಟರು ಪ್ರತಿ ಮಗುವನ್ನೂ ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡುತ್ತಿದ್ದರು. ಗಂಟು ಕೈಗೆ ಸಿಕ್ಕ ಇಬ್ಬರನ್ನು ಸಿರಪ್ ಕೊಡದೆ ಬೇರೆ ಕೂರಿಸಿ ಸಿಟಿ ಆಸ್ಪತ್ರೆಗೆ ಕಳಿಸಿದರು. ಉಳಿದವರಿಗೆ ನಾನು ಕುಡಿಸುತ್ತಾ ಬಂದೆ. ಮೊದಲನೆಯ ಗೋದಾಮು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ಕೊನೆಯ ಸಾಲಿನಲ್ಲಿ ಆ ಹುಡುಗಿಯ ಮನೆಯ ಪರದೆಯ ಮುಂದೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಡಾಕ್ಟರೇ ಮೊದಲು ಒಳಗೆ ಹೋಗಿ ಗಂಡುಮಗುವಿನ ಹೊಟ್ಟೆ ನೋಡಿ, ಕೊಡಬಹುದು ಎಂದು ತಲೆಯಾಡಿಸಿ ಪಕ್ಕದ ಮನೆಗೆ ದಾಟಿದರು. ನಾನು ಬಾಟಲಿ ಹಿಡಿದು ನಿಂತಿದ್ದೆ. ತಾಯಿ ಗೋಡೆಗೆ ಒರಗಿ ಕೂತಿದ್ದಳು. ಜೀಪಿನಲ್ಲಿ ಕೂತ ಆ ದಿನದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

"ಅಕ್ಕಾ, ಒಂದು ಕೇಳಲಾ? ಆ ಪೆಟ್ಟಿಗೆಗೆ ನಾನು ಅವಳದ್ದೇ ಹಾಕಿದ್ದಿದ್ರೆ, ಬದುಕ್ತಿದ್ದಳಾ?"

ಇಲ್ಲ ಎಂದು ಹೇಳಬಹುದಿತ್ತು. ಹಣೆಬರಹ ಎನ್ನಬಹುದಿತ್ತು. ಆ ಮಾತುಗಳು ನಾಲಗೆಯ ತುದಿಗೆ ಬಂದೂ ಇದ್ದವು. ಹಾಗೆ ಹೇಳಿದ್ದರೆ ಅದು ನನ್ನನ್ನು ಉಳಿಸಿಕೊಳ್ಳಲು ಹೇಳಿದ ಮಾತಾಗುತ್ತಿತ್ತು.

"ಬದುಕ್ತಿದ್ದಳು" ಅಂದೆ. "ಅದು ಅವಳದ್ದಲ್ಲ ಅಂತ ನನಗೆ ಅನುಮಾನ ಬಂದಿತ್ತು. ಅವತ್ತೇ ಬಂದು ನಿನ್ನ ಕೇಳಿದ್ದಿದ್ರೂ ಬದುಕ್ತಿದ್ದಳು. ನಾನು ಕೇಳಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಹೊಡೆದರೆ ಹೊಡೆಯಲಿ ಎಂದು ನಿಂತಿದ್ದೆ.

"ಎಲ್ಲಾರೂ ಬಂದು ದೇವರು ಕರಕೊಂಡ, ದೇವರು ಕರಕೊಂಡ ಅಂತಾರೆ" ಅಂದಳು. "ಒಬ್ಬರೂ ಇದನ್ನ ಹೇಳಲಿಲ್ಲ."

ಅವಳು ಎದ್ದು ಮಗನನ್ನು ಎತ್ತಿಕೊಂಡಳು. ನಾನು ಚಮಚಕ್ಕೆ ಸಿರಪ್ ಸುರಿದೆ. ಅದನ್ನು ಕಂಡದ್ದೇ ಹುಡುಗ ಕಿರುಚಿಕೊಂಡು ತಾಯಿಯ ಕತ್ತಿಗೆ ಅಂಟಿಕೊಂಡ, ಹಲ್ಲು ಕಚ್ಚಿಕೊಂಡ. ಮೂರು ವರ್ಷದವನು. ಅಕ್ಕ ಔಷಧಿ ನುಂಗಿದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದ.

"ಬಿಡಲ್ಲ ಇವನು, ಒಬ್ಬಳ ಕೈಲಿ ಆಗಲ್ಲ. ಬಾ, ಕೂತ್ಕೋ. ತಲೆ ಹಿಡ್ಕೋ" ಅಂದಳು. ಅಲ್ಲಿಯವರೆಗೆ ನನ್ನನ್ನು ಅವಳು ಏಕವಚನದಲ್ಲಿ ಕರೆದಿರಲಿಲ್ಲ.

ಚಾಪೆಯ ಮೇಲೆ ಕೂತೆ. ಅವಳು ಅವನ ಎರಡು ಕೈಗಳನ್ನೂ ಹಿಡಿದಳು, ನಾನು ತಲೆಯನ್ನು ಎದೆಗೆ ಒತ್ತಿ ಹಿಡಿದೆ. ಅವನು ಬಾಯಿ ತೆರೆಯುವವರೆಗೂ ನಾವಿಬ್ಬರೂ ಹಾಗೇ ಹಿಡಿದುಕೊಂಡು ಅಳುತ್ತಿದ್ದೆವು.